ಅಂಕ ಬಿಟ್ಟು ಗಡಿ ಹಿಡಿದೆ: ಐಜಿಸಿಎಸ್‌ಇ ಫಿಸಿಕ್ಸ್ ಟ್ಯೂಷನ್‌ನಲ್ಲಿ ನನ್ನ ಅನುಭವ

ಮೊನ್ನೆ ಮೇ ತಿಂಗಳಲ್ಲಿ ರಿಸಲ್ಟ್ ಬಂದ ದಿನ ಬೆಳಿಗ್ಗೆ ಫೋನ್ ಮಾಡಿದವರಲ್ಲಿ ಮೂವರು ಟ್ಯೂಷನ್ ಮೇಷ್ಟ್ರುಗಳಿದ್ದರು. ಮೂವರೂ ಹಿಂದೆ, ಮಕ್ಕಳಿಗೆ ಯಾವ ಗ್ರೇಡ್ ಬರುತ್ತದೆ ಅಂತ ಅಂದಾಜು ಮಾಡುವ ನನ್ನ ಎಕ್ಸೆಲ್ ಶೀಟ್ ನೋಡಿ ನಕ್ಕವರೇ. "ಪಾಠ ಮಾಡ್ತೀರೋ, ಜಾತಕ ಬರೀತೀರೋ?" ಎಂದಿದ್ದರು ಒಬ್ಬರು. ಈಗ ಅವರಿಗೇ ಶೀಟ್ ಬೇಕಂತೆ. ಪೂರ್ತಿ ಶೀಟ್ ಕೊಡಲ್ಲ, ಆದರೆ ನಾನು ಮಾಡಿದ್ದೇನು ಅಂತ ಇಲ್ಲಿ ಬರೆದಿದ್ದೇನೆ.

ನಾನು ಬೆಂಗಳೂರಿನಲ್ಲಿ ಕೇಂಬ್ರಿಡ್ಜ್ ಐಜಿಸಿಎಸ್‌ಇ (ನಮ್ಮ ಹತ್ತನೇ ಕ್ಲಾಸಿನ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆ) ಫಿಸಿಕ್ಸ್ ಹೇಳಿಕೊಡುತ್ತೇನೆ, ಕೋಡ್ 0625, ಎಲ್ಲರೂ ಎಕ್ಸ್‌ಟೆಂಡೆಡ್, ಅಂದರೆ ಮೇಲಿನ ಗ್ರೇಡ್‌ಗಳಿಗೆ ಬರೆಯುವ ಹಂತ. ನನ್ನ ಮಕ್ಕಳು ಹೆಚ್ಚಾಗಿ ಮಾರ್ಚ್ ಪರೀಕ್ಷೆ ಬರೆಯುತ್ತಾರೆ. ಪೇಪರ್ ಮೂರು: 40 ಅಂಕದ ಎಂಸಿಕ್ಯೂ (ಆಪ್ಷನ್ ಆರಿಸುವ ಪ್ರಶ್ನೆಗಳು), 80 ಅಂಕದ ಥಿಯರಿ, ಲ್ಯಾಬ್ ಪ್ರಾಕ್ಟಿಕಲ್ ಬದಲು ಬರೆಯುವ 40 ಅಂಕದ ಪೇಪರ್ 6. ನಾವೆಲ್ಲ ಏನು ಮಾಡುತ್ತಿದ್ದೆವು? ಮಾಕ್‌ನಲ್ಲಿ (ಅಭ್ಯಾಸ ಪರೀಕ್ಷೆಯಲ್ಲಿ) ಎಷ್ಟು ಬಂತೋ ಕೂಡಿಸಿ, 160ಕ್ಕೆ ಶೇಕಡಾ ತೆಗೆದು, ತೊಂಬತ್ತು ದಾಟಿದರೆ ಎ ಸ್ಟಾರ್, ಅಂದರೆ ಎಲ್ಲಕ್ಕಿಂತ ಮೇಲಿನ ಗ್ರೇಡ್, ಎಂದು ಪೋಷಕರಿಗೆ ಹೇಳುತ್ತಿದ್ದೆವು. ಆ ಲೆಕ್ಕದಲ್ಲಿ ಎರಡು ತಪ್ಪು. ಒಂದು, ಗ್ರೇಡಿನ ಗಡಿ, ಅಂದರೆ ಆ ಗ್ರೇಡ್‌ಗೆ ಬೇಕಾದ ಕನಿಷ್ಠ ಅಂಕ, ತೊಂಬತ್ತೂ ಅಲ್ಲ, ಎಂಬತ್ತೂ ಅಲ್ಲ. ಪೇಪರ್ ಕಷ್ಟವಾದರೆ ಕೆಳಗಿಳಿಯುತ್ತದೆ, ಸುಲಭವಾದರೆ ಏರುತ್ತದೆ. ಎರಡು, ಒಟ್ಟು 160 ಅಲ್ಲ, 200.

ಈ 200 ಎಲ್ಲಿಂದ ಬಂತು ಅಂತ ನಾನೂ ತುಂಬ ದಿನ ನೋಡಿರಲಿಲ್ಲ. ಎಂಸಿಕ್ಯೂಗೆ ಶೇಕಡಾ 30, ಥಿಯರಿಗೆ 50, ಪೇಪರ್ 6ಕ್ಕೆ 20 ತೂಕ. ಅಂದರೆ ಎಂಸಿಕ್ಯೂನ ಒಂದು ಅಂಕ ಒಂದೂವರೆ ಆಗುತ್ತದೆ, ಥಿಯರಿಯದು ಒಂದೂಕಾಲು, ಪೇಪರ್ 6ರದು ಒಂದಕ್ಕೆ ಒಂದೇ. ಇದನ್ನು ಕಂಡ ದಿನ ನನಗೆ ನಾಚಿಕೆಯಾಯಿತು. ಅಲ್ಲಿಯವರೆಗೆ ವಾರದ ಅರ್ಧ ಕ್ಲಾಸು ಪೇಪರ್ 6ರ ಗ್ರಾಫ್, ಟೇಬಲ್ ಅಂತಲೇ ಕಳೆಯುತ್ತಿದ್ದೆ. ಎಂಸಿಕ್ಯೂ ಮನೆಯಲ್ಲಿ ಮಾಡಿಕೊಳ್ಳಿ ಎಂದು ಬಿಟ್ಟುಬಿಡುತ್ತಿದ್ದೆ. ಒಬ್ಬ ಹುಡುಗ ಎಂಸಿಕ್ಯೂನಲ್ಲಿ ಐದು ಜಾಸ್ತಿ ತೆಗೆದರೆ ಏಳೂವರೆ ಸಿಗುತ್ತದೆ. ಅದೇ ಐದು ಪೇಪರ್ 6ರಲ್ಲಿ ತೆಗೆದರೆ ಬರೀ ಐದು. ಒಂದು ಗ್ರೇಡ್ ಹಾರಿಸಲು ಆ ಎರಡೂವರೆ ಎಷ್ಟೋ ಸಲ ಸಾಕು.

ಹೀಗಾಗಿ ನಾನು ಮಾಡಿದ್ದು ಇಷ್ಟೇ. ಹಳೆ ಪೇಪರ್ ಕೊಟ್ಟಾಗಲೆಲ್ಲ ಬಂದ ಅಂಕವನ್ನು ತೂಕಕ್ಕೆ ಗುಣಿಸುವುದು. ಆಮೇಲೆ ಅದೇ ಪೇಪರ್‌ನ, ಅದೇ ಸೀರೀಸ್‌ನ (ಅದೇ ತಿಂಗಳು, ಅದೇ ವರ್ಷದ ಪರೀಕ್ಷೆಯ) ಥ್ರೆಶೋಲ್ಡ್ ಹಾಳೆ, ಅಂದರೆ ಕೇಂಬ್ರಿಡ್ಜ್‌ನವರ ಗಡಿಗಳ ಪಟ್ಟಿ, ತೆಗೆದು ಗಡಿಗೆ ಇನ್ನೆಷ್ಟು ದೂರ ಅಂತ ಬರೆಯುವುದು. ಶೇಕಡಾ ಎಲ್ಲೂ ಬರೆಯಲ್ಲ. "ಎ ಸ್ಟಾರ್‌ಗೆ 11 ಕಮ್ಮಿ", ಅಷ್ಟೇ. ಸುಲಭ ಅನಿಸುತ್ತೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಮೂರು ಸಲ ಮಣ್ಣು ಮುಕ್ಕಿದೆ.

ಮೊದಲ ಸಲ ಥಿಯರಿಯ ಪೇಪರ್ 42ರ ಅಂಕಕ್ಕೆ 41ರ ಗಡಿ ಹಾಕಿದ್ದೆ. ಜೂನ್ ಸೀರೀಸ್‌ನಲ್ಲಿ ಒಂದೇ ಪೇಪರ್‌ಗೆ ಮೂರು ವೇರಿಯಂಟ್ (ಬೇರೆ ಬೇರೆ ಪ್ರಶ್ನೆಪತ್ರಿಕೆ) ಇರುತ್ತವೆ, ಥಿಯರಿಗೆ 41, 42, 43, ಮೂರಕ್ಕೂ ಗಡಿ ಬೇರೆ. ಎರಡು ತಿಂಗಳ ಲೆಕ್ಕ ನೀರಿಗೆ ಹೋಯಿತು.

ಎರಡನೇ ತಪ್ಪು ಇನ್ನೂ ಪೆದ್ದುತನದ್ದು. ಪೇಪರ್‌ವಾರು ಪಟ್ಟಿಯಲ್ಲಿ ಎ ಸ್ಟಾರ್ ಕಾಲಮ್ಮೇ ಇರಲಿಲ್ಲ. ಒಂದೊಂದು ಪೇಪರ್ ಮಟ್ಟದಲ್ಲಿ ಎ ಸ್ಟಾರ್ ಎಂಬುದೇ ಇಲ್ಲ, ಅದು ಒಟ್ಟು ಅಂಕಕ್ಕೆ ಮಾತ್ರ. ಹಾಳೆಯಲ್ಲೇ ಹಾಗಂತ ಅಚ್ಚು ಹಾಕಿದ್ದಾರೆ. ನಾನು ಓದದೆ ಎ ಗಡಿಗೆ ಮೂರು ಸೇರಿಸಿ ನನ್ನದೇ ಎ ಸ್ಟಾರ್ ಕಟ್ಟಿಕೊಂಡಿದ್ದೆ.

ಮೂರನೆಯದು ದುಡ್ಡು ತಿಂದಿತು. 2023ರ ಬ್ಯಾಚ್‌ಗೆ ನಾನು 2022ರ ಗಡಿಗಳನ್ನೇ ಗುರಿ ಮಾಡಿದೆ, ತೀರಾ ಹೊಸದು ಅಂತ. ಕೋವಿಡ್ ನಂತರ 2022ರಲ್ಲಿ ಗ್ರೇಡಿಂಗ್ ಸಡಿಲವಾಗಿತ್ತು, 2023ರಲ್ಲಿ 2019ರ ಮಟ್ಟಕ್ಕೆ ವಾಪಸ್ ತರುತ್ತೇವೆ ಎಂದು ಕೇಂಬ್ರಿಡ್ಜ್‌ನವರು ಮೊದಲೇ ಹೇಳಿದ್ದರು. ನಾನು ಓದಿದ್ದೆ ಕೂಡ. ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು "ಗ್ಯಾರಂಟಿ" ಎಂದಿದ್ದ ಹುಡುಗನಿಗೆ ಎ ಸ್ಟಾರ್ ತಪ್ಪಿ ಎ ಬಂತು. ಅವರ ಅಪ್ಪ ಜೋರು ಮಾಡಲಿಲ್ಲ, ಸುಮ್ನೆ ಕೂತು ನನ್ನ ಶೀಟ್ ತೋರಿಸಿ ಅಂದರು. ಅದೇ ಜಾಸ್ತಿ ನೋವಾಯಿತು. ಕೊನೆಯ ಎರಡು ತಿಂಗಳ ಫೀಸು, ಹದಿನೆಂಟು ಸಾವಿರದ ಹತ್ತಿರ, ವಾಪಸ್ ಕೊಟ್ಟೆ. ಅವರ ಮಾತು ಕೇಳಿ ಇನ್ನಿಬ್ಬರು ಬಿಟ್ಟು ಹೋದರು. ಆ ವರ್ಷ ಜೆರಾಕ್ಸ್ ಅಂಗಡಿಗೇ ಆರೇಳು ಸಾವಿರ ಸುರಿದಿದ್ದೆ, ಅದು ಬೇರೆ. ಮನೆಯವರು "ಈ ಜೆರಾಕ್ಸ್ ದುಡ್ಡಲ್ಲಿ ಒಂದು ಮಿಕ್ಸಿ ಬರ್ತಿತ್ತು" ಎಂದರು. ನಿಜವೇ.

ಈ ನಡುವೆ ಇನ್ನೊಂದು ಹುಚ್ಚು. ಅಕ್ಕನ ಮಗಳು ಸಿಬಿಎಸ್‌ಇ ಹತ್ತನೇ ಕ್ಲಾಸ್‌ನಲ್ಲಿದ್ದಳು, ಅವಳ ಮೇಲೂ ಪ್ರಯೋಗ ಮಾಡಿದೆ. ಆಗಲಿಲ್ಲ. ಅಲ್ಲಿ ಪಾಸಾದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೇಲಿನ ಎಂಟನೇ ಒಂದು ಪಾಲಿಗೆ ಎ1, ನಂತರದ ಎಂಟನೇ ಒಂದು ಪಾಲಿಗೆ ಎ2 ಎನ್ನುತ್ತಾರೆ. ನೀವು ಎಷ್ಟು ತೆಗೆದಿರಿ ಎನ್ನುವುದಕ್ಕಿಂತ ಪಕ್ಕದವರು ಎಷ್ಟು ತೆಗೆದರು ಎನ್ನುವುದೇ ದೊಡ್ಡದು. ನಮ್ಮ ಎಸ್‌ಎಸ್‌ಎಲ್‌ಸಿ ಇದಕ್ಕೆ ಪೂರ್ತಿ ಉಲ್ಟಾ. 625ಕ್ಕೆ 563 ಬಂದರೆ ಎ ಪ್ಲಸ್, 500 ಬಂದರೆ ಎ, ಗಡಿ ಗೋಡೆ ಮೇಲೆ ಬರೆದಿಟ್ಟ ಹಾಗೆ. ಅಲ್ಲಿ ನನ್ನ ಶೀಟ್‌ಗೆ ಕೆಲಸವೇ ಇಲ್ಲ.

2024ರಿಂದ ಲೆಕ್ಕ ಬದಲಾಯಿಸಿದೆ. ಹಿಂದಿನ ವರ್ಷದ ಗಡಿಯನ್ನೇ ಗುರಿ ಮಾಡುವುದು ಬಿಟ್ಟೆ. ಕೈಗೆ ಸಿಕ್ಕ ಸೀರೀಸ್‌ಗಳಲ್ಲಿ ಅತಿ ಎತ್ತರದ ಗಡಿ ಯಾವುದೋ ಅದನ್ನೇ ಗುರಿ ಮಾಡಿ, ಅದರ ಮೇಲೆ ಒಂದಿಷ್ಟು ಸೇರಿಸಿದೆ. 2022ನ್ನು ತೆಗೆದು ಹಾಕಿದೆ. 2020ರ ಜೂನ್ ಹೇಗೂ ಇಲ್ಲ, ಆಗ ಪರೀಕ್ಷೆಯೇ ನಡೆಯಲಿಲ್ಲ. ಮೇಲೆ ಸೇರಿಸುವ "ಒಂದಿಷ್ಟು" ಎಷ್ಟು ಅಂತ ಕೇಳಬೇಡಿ, ಅದು ಮಕ್ಕಳಿಂದ ಮಕ್ಕಳಿಗೆ ಬೇರೆ. ಅದನ್ನು ಲೆಕ್ಕ ಹಾಕೋ ರೀತಿ ನನ್ನ ಹತ್ತಿರವೇ ಇರಲಿ.

ಈ ಸಲ ಏಳು ಮಕ್ಕಳು. ಆರು ಜನಕ್ಕೆ ನಾನು ಬರೆದಿಟ್ಟ ಗ್ರೇಡೇ ಬಂತು. ಒಬ್ಬನಿಗೆ ಒಂದು ಮೇಲೆ. ಶಾಲೆಯವರು ಬಿ ಅಂದಾಜು ಮಾಡಿದ್ದ ಹುಡುಗಿಯೊಬ್ಬಳಿಗೆ ಎ ಸ್ಟಾರ್. ಅವಳಿಗೆ ಜನವರಿಯಿಂದ ನಾನು ದಿನಾ 45 ನಿಮಿಷ ಎಂಸಿಕ್ಯೂ ಬಿಟ್ಟು ಬೇರೇನೂ ಹೆಚ್ಚಾಗಿ ಮಾಡಿಸಲಿಲ್ಲ. ಥಿಯರಿ ಅವಳಿಗೆ ಬರುತ್ತಿತ್ತು, ಆತುರದಲ್ಲಿ ಆಪ್ಷನ್ ತಪ್ಪು ಹಾಕುತ್ತಿದ್ದಳು, ಅಷ್ಟೇ.

ಅವಳ ರಿಸಲ್ಟ್ ಹಾಳೆಯಲ್ಲಿ 92 ಎಂದಿತ್ತು. ಅವರಮ್ಮ ನೂರಕ್ಕೆ 92 ಅಂತ ಊರಿಗೆಲ್ಲ ಹೇಳಿದರು. ಅದು ತೆಗೆದ ಅಂಕ ಅಲ್ಲ, ಯೂನಿಫಾರ್ಮ್ ಮಾರ್ಕ್. ಎ ಸ್ಟಾರ್ ಅಂದರೆ 90ರಿಂದ 100, ಎ ಅಂದರೆ 80ರಿಂದ 89, ಹೀಗೆ ಗಡಿಗಳನ್ನು ಎಳೆದು ಸಮ ಮಾಡಿದ ಅಂಕ. ಎ ಗಡಿ 130, ಎ ಸ್ಟಾರ್ ಗಡಿ 150 ಎಂದಿಟ್ಟುಕೊಳ್ಳಿ, 140 ತೆಗೆದವನ ಹಾಳೆಯಲ್ಲಿ 85 ಬರುತ್ತದೆ. ಅವರಮ್ಮನಿಗೆ ಇದನ್ನೆಲ್ಲ ವಿವರಿಸಲು ಹೋಗಲಿಲ್ಲ. ಸ್ವೀಟ್ ಬಾಕ್ಸ್ ಹಿಡಿದುಕೊಂಡು ಬಂದಿದ್ದರು.

ಮ್ಯಾಥ್ಸ್ ಮೇಡಂ ಒಬ್ಬರು ತಮ್ಮ 0580 (ಐಜಿಸಿಎಸ್‌ಇ ಮ್ಯಾಥ್ಸ್, ಎಕ್ಸ್‌ಟೆಂಡೆಡ್) ಬ್ಯಾಚ್‌ಗೂ ಮಾಡಿಕೊಡಿ ಎಂದು ಈಗ ಬೆನ್ನು ಹತ್ತಿದ್ದಾರೆ. ಅಲ್ಲಿ 2025ರಿಂದ ಪೇಪರ್ ಅಂಕವೇ ಬದಲು. ಮೊದಲು 70 ಮತ್ತು 130 ಇತ್ತು, ಈಗ ನೂರು ನೂರು, ಅದರಲ್ಲೊಂದು ಕ್ಯಾಲ್ಕ್ಯುಲೇಟರ್ ಇಲ್ಲದ್ದು. ಹಳೆ ಗಡಿ ಒಂದೂ ಕೆಲಸಕ್ಕೆ ಬರಲ್ಲ ಮೇಡಂ, ಇನ್ನೆರಡು ವರ್ಷ ನಿಮ್ಮ ಮಕ್ಕಳ ಅಂಕ ಪೇಪರ್‌ವಾರು ಬರೆದಿಡಿ ಎಂದೆ. ಮಾರನೇ ದಿನವೇ ಒಂದು ನೋಟ್‌ಬುಕ್ ಕೊಂಡು ಅದರ ಫೋಟೋ ಕಳಿಸಿದ್ದಾರೆ.