ದಸರಾ ಹೂವಿನ ಪ್ರದರ್ಶನದಲ್ಲಿ ಆರ್ಕಿಡ್ ಗುರುತಿಸುವುದು ಹೇಗೆ?

ಮೈಸೂರಿನ ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನದಲ್ಲಿ ಆರ್ಕಿಡ್ ಕಂಡರೆ ಬಣ್ಣ ನೋಡಿ ಹೆಸರು ಹೇಳಬೇಡಿ. ಮಿಶ್ರತಳಿಗಳಲ್ಲಿ ಬಣ್ಣವನ್ನು ನಂಬುವಂತಿಲ್ಲ. ಮೊದಲು ಹೂವಿನ ನಡುಭಾಗ ನೋಡಿ. 3 ಪುಷ್ಪಪತ್ರ (ದಳಗಳ ಹೊರಸುತ್ತಿನ ಎಸಳುಗಳು), 3 ದಳ. ಒಂದು ದಳ ಮಾತ್ರ ತುಟಿಯಂತೆ ಬೇರೆ ಆಕಾರ. ಅದರ ಮೇಲೆ ಗಂಡು, ಹೆಣ್ಣು ಭಾಗಗಳು ಬೆಸೆದುಕೊಂಡ ಪುಟ್ಟ ಕಂಬ.

ಆಮೇಲೆ ಯಾವ ಬಗೆಯ ಆರ್ಕಿಡ್ ಎಂದು ತಿಳಿಯಲು ಗಿಡ ನೋಡಿ. ಬುಡದಲ್ಲಿ ಅಗಲವಾದ ದಪ್ಪ ಎಲೆ, ತುಟಿಯ ತುದಿಯಲ್ಲಿ ಎರಡು ಮೀಸೆಯಿದ್ದರೆ ಸಾಮಾನ್ಯವಾಗಿ ಫಲೆನಾಪ್ಸಿಸ್. ಗೆಣ್ಣುಗೆಣ್ಣಾದ ಕಾಂಡ, ಹೂವಿನ ಹಿಂದೆ ಗದ್ದದಂಥ ಉಬ್ಬು ಇದ್ದರೆ ಡೆಂಡ್ರೋಬಿಯಂ. ಎರಡು ಸಾಲಿನ ಪಟ್ಟಿ ಎಲೆ, ಜೋತುಬಿದ್ದ ದಪ್ಪ ಬೇರುಗಳಿದ್ದರೆ ವಾಂಡಾ. ಬೇರು ಬೆಳ್ಳಗಿದ್ದರೆ ಒಣಗಿದೆ, ಹಸಿರಾಗಿದ್ದರೆ ನೀರು ಕುಡಿದಿದೆ. ನಮ್ಮ ಕಾಡುಗಳ ಚೆಲುವೆ, ಸೀತಾಳೆದಂಡೆ ಎಂಬ ಆರ್ಕಿಡ್ ಅರಳುವುದು ಮುಂಗಾರಿನ ಆಸುಪಾಸಿನಲ್ಲಿ. ದಸರೆಗೆ ಅದರ ಹೂ ಹುಡುಕಬೇಡಿ.

ಮುಟ್ಟದೆ, ಮೊಬೈಲ್ ಜೂಮ್ ಮಾಡಿ ನೋಡಿ. ಕಂಬದ ತುದಿಯ ಪರಾಗದ ಉಂಡೆ ಕಳಚಿದರೆ ವಾರಗಟ್ಟಲೆ ಉಳಿಯಬೇಕಾದ ಹೂ ಬೇಗ ಬಾಡುತ್ತದೆ.