ಪಿವಿಸಿ ಐಡಿ ಕಾರ್ಡ್: ಮೊದಲು ತೂತು, ಆಮೇಲೆ ಡಿಸೈನು

ಐಡಿ ಕಾರ್ಡಿನ ಲೇಔಟ್ ಶುರು ಮಾಡುವಾಗ ನಾನು ಮೊದಲು ಲೋಗೋಗೆ ಕೈಹಚ್ಚುವುದಿಲ್ಲ, ಟ್ಯಾಗಿನ ತೂತಿಗೆ ಗೆರೆ ಎಳೆಯುತ್ತೇನೆ. ಕಾರ್ಡಿನ ಅಳತೆ 85.6 × 54 ಮಿ.ಮೀ., ದಪ್ಪ 0.76 ಮಿ.ಮೀ. ಪಂಚ್ ಮಾಡುವ ಸ್ಲಾಟ್ ಸುಮಾರು 14 × 3 ಮಿ.ಮೀ. ಅಂಚಿನಿಂದ ಸ್ಲಾಟಿಗೆ 4, ಸ್ಲಾಟಿನ ಕೆಳಗೆ 2 ಮಿ.ಮೀ. ಬಿಟ್ಟರೆ, ಉದ್ದ ನಿಲ್ಲುವ ಕಾರ್ಡಿನಲ್ಲಿ ಮೇಲಿನ 9 ಮಿ.ಮೀ. ನಮ್ಮದಲ್ಲ. ಇದನ್ನು ಮರೆತರೆ ಶಾಲೆಯ ಹೆಸರಿನ ನಟ್ಟನಡುವೆಯೇ ತೂತು ಬೀಳುತ್ತದೆ.

ಹಿನ್ನೆಲೆ ಬಣ್ಣವನ್ನು ನಾಲ್ಕೂ ಕಡೆ 2 ಮಿ.ಮೀ. ಹೊರಗೆ ಚಾಚಿಸಿ, ಅಕ್ಷರವನ್ನು 3 ಮಿ.ಮೀ. ಒಳಗಿಡಬೇಕು. ಅಂಚಿಗೆ ಹತ್ತಿ ತೆಳು ಬಾರ್ಡರ್ ಹಾಕಲೇಬಾರದು. ಕಟರ್ ಅರ್ಧ ಮಿ.ಮೀ. ಸರಿದರೂ ಒಂದು ಬದಿ ದಪ್ಪ, ಇನ್ನೊಂದು ಬದಿ ಮಾಯ.

ಹುಬ್ಬಳ್ಳಿ ಕಡೆ ನಿಜವಾದ ಕಷ್ಟ ಹೆಸರುಗಳದು. 'ಚನ್ನಬಸನಗೌಡ' ಅಂತ ಶುರುವಾದ ಮೇಲೆ ತಂದೆಯ ಹೆಸರು, ಅಡ್ಡಹೆಸರು ಎರಡೂ ಬರಬೇಕು. ಅದಕ್ಕೇ ಸ್ಯಾಂಪಲ್ಲಿಗೆ ಸಣ್ಣ ಹೆಸರು ಹಾಕಿ ತೋರಿಸುವುದಿಲ್ಲ. ಪಟ್ಟಿಯ ಅತಿ ಉದ್ದದ ಹೆಸರನ್ನೇ ಹಾಕುತ್ತೇನೆ. ಅದನ್ನು ಎಕ್ಸೆಲ್‌ನಲ್ಲಿ ಅಕ್ಷರ ಎಣಿಸುವ ಲೆನ್ (LEN) ಸೂತ್ರದಿಂದ ಹುಡುಕಿದರೆ ಮೋಸ ಹೋಗಬಹುದು: 'ಲಕ್ಷ್ಮೇಶ್ವರ' ಕಣ್ಣಿಗೆ ನಾಲ್ಕೇ ಅಕ್ಷರ, ಸೂತ್ರಕ್ಕೆ 11. ಒತ್ತು, ಗುಣಿತದ ಚಿಹ್ನೆಗಳನ್ನೂ ಅದು ಬೇರೆಬೇರೆಯಾಗಿ ಎಣಿಸುತ್ತದೆ. ಉದ್ದ ಬಂದ ಹತ್ತು ಹೆಸರು ಆರಿಸಿ ಕಣ್ಣಿಂದಲೇ ನೋಡುವುದು ಲೇಸು. ಒತ್ತಕ್ಷರದ ಪರೀಕ್ಷೆಗೂ ಈ ಹೆಸರೇ ಸರಿ. 'ಕ್ಷ್ಮೇ' ಕೆಳಗಿನ ಸಾಲಿಗೆ ತಾಗಿದರೆ ಸಾಲಿನ ಅಂತರ ಸಾಲದು. 8 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲಂತರ ಕೊಡುತ್ತೇನೆ. 7ಕ್ಕಿಂತ ಕೆಳಗಿಳಿದರೆ ಒತ್ತು ಮಸಿಯಲ್ಲಿ ಮುಚ್ಚಿಹೋಗುತ್ತದೆ.

ಮಾಸ್ತರು ಪಟ್ಟಿಯನ್ನು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದು ಕೊಟ್ಟಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಬೇಕು. ಲೇಔಟ್ ಮಾಡುವ ಇನ್‌ಡಿಸೈನ್ ತಂತ್ರಾಂಶದಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆರಿಸದಿದ್ದರೆ ಒತ್ತುಗಳು ಒಡೆದು ಬೀಳುತ್ತವೆ. ಪಟ್ಟಿಯ ಹೆಸರು, ಫೋಟೋಗಳನ್ನು ತಾನಾಗಿಯೇ ಕಾರ್ಡುಗಳಿಗೆ ತುಂಬುವ ಡೇಟಾ ಮರ್ಜ್‌ಗೆ ಪಟ್ಟಿಯನ್ನು ಎಕ್ಸೆಲ್‌ನಿಂದ 'ಯೂನಿಕೋಡ್ ಟೆಕ್ಸ್ಟ್' ಆಗಿ ಉಳಿಸಿ. ಸಾದಾ ಸಿಎಸ್‌ವಿಯಲ್ಲಿ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ಫೋಟೋ ಕಾಲಮಿನ ತಲೆಬರಹ @ ಇಂದ ಶುರುವಾಗಬೇಕು, ಆದರೆ ಎಕ್ಸೆಲ್ ಅದನ್ನು ಸೂತ್ರವೆಂದು ತಿಳಿದು ತಕರಾರು ತೆಗೆಯುತ್ತದೆ. ಮುಂದೆ ಒಂದು ಅಪಾಸ್ಟ್ರಫಿ ಹೊಡೆದರೆ ಸುಮ್ಮನಾಗುತ್ತದೆ.

ಫೋಟೋ 22 × 27 ಮಿ.ಮೀ., ಅಂದರೆ 300 ಡಿಪಿಐಗೆ 260 × 319 ಪಿಕ್ಸೆಲ್ ಸಾಕು. ಬಿಳಿ ಅಂಗಿ ಬಿಳಿ ಹಿನ್ನೆಲೆಯಲ್ಲಿ ಕರಗುವುದರಿಂದ ತಿಳಿನೀಲಿ ಹಾಕುತ್ತೇನೆ. ಕ್ಯುಆರ್ ಕೋಡ್ 15 ಮಿ.ಮೀ.ಗಿಂತ ಸಣ್ಣದಾಗದಿರಲಿ, ಸುತ್ತ ನಾಲ್ಕು ಚೌಕದಷ್ಟು ಖಾಲಿ ಬಿಡಿ. ರಿಬ್ಬನ್ನಿನ ಕಾರ್ಡ್ ಪ್ರಿಂಟರಿಗೆ ಕಳಿಸುವುದಾದರೆ ಕೋಡ್ ಶುದ್ಧ ಕಪ್ಪಿನಲ್ಲಿರಬೇಕು. ಇಲ್ಲವಾದರೆ ರಿಬ್ಬನ್ನಿನ ಕಪ್ಪು ಭಾಗ ಬಳಕೆಯಾಗದೆ ಮೂರು ಬಣ್ಣ ಕೂಡಿ ಅಂಚು ಮಸುಕಾಗುತ್ತದೆ.

ಡ್ರ್ಯಾಗನ್ ಶೀಟಾದರೆ (ಪ್ರಿಂಟ್ ಮಾಡಿ, ಬಿಸಿಯಲ್ಲಿ ಒತ್ತಿ ಪದರಗಳನ್ನು ಒಂದಾಗಿಸುವ ಪಿವಿಸಿ ಹಾಳೆ) ಎ4ಗೆ ಹತ್ತು ಕಾರ್ಡು, ಎರಡು ಕಾಲಮು, ಐದು ಸಾಲು. ಹಿಂಬದಿಯ ಹಾಳೆಯಲ್ಲಿ ಕಾಲಮು ಅದಲುಬದಲಾಗಬೇಕು: ಎಡಗಡೆಯ ಕಾರ್ಡಿನ ಬೆನ್ನು ಬಲಗಡೆ. ಇದು ತಪ್ಪಿದರೆ ಒಬ್ಬ ಹುಡುಗನ ಬೆನ್ನಿಗೆ ಇನ್ನೊಬ್ಬನ ವಿಳಾಸ, ಅದೂ ಹತ್ತಕ್ಕೆ ಹತ್ತೂ. ಮಳೆಗಾಲದಲ್ಲಿ ಇಂಕ್ ಒಣಗಲು ತಡ. ಹಸಿಯಿದ್ದಾಗಲೇ ಫ್ಯೂಸಿಂಗ್ ಮಷಿನ್ನಿಗೆ ಇಟ್ಟರೆ ಗುಳ್ಳೆ ಎದ್ದು ಪದರ ಬಿಡುತ್ತದೆ. ಮೊದಲ ಶೀಟ್ ಕತ್ತರಿಸಿದ ಮೇಲೆ ಒಂದು ಕಾರ್ಡಿನ ಮೂಲೆ ಉಗುರಿನಿಂದ ಎಬ್ಬಿಸಿ ನೋಡಿ. ಅದು ಏಳದಿದ್ದರೆ ಉಳಿದವಕ್ಕೆ ಪಂಚ್ ಹಾಕಬಹುದು.