ಮಾದರಿ ಯುದ್ಧವಿಮಾನಕ್ಕೆ ಎಂಜಿನ್ ಮತ್ತು ಪ್ರೊಪೆಲರ್ ಆಯ್ಕೆ: ಪುಣೆಯ ಹವ್ಯಾಸಿಗಳಿಗೊಂದು ಕೈಪಿಡಿ

ರೇಡಿಯೊ ನಿಯಂತ್ರಿತ ಯುದ್ಧವಿಮಾನದ ಮಾದರಿಯನ್ನು ಕೊಂಡವರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಮುದ್ರಿಸಿದ "60–90 ಗಾತ್ರ" ಅಥವಾ "20 ಸಿಸಿ" ಎಂಬ ಸೂಚನೆಯನ್ನು ನೋಡಿ ಎಂಜಿನ್ ತರಿಸುತ್ತಾರೆ, ಎಂಜಿನ್ನಿನ ಕೈಪಿಡಿಯಲ್ಲಿ ಮೊದಲು ಕಂಡ ಪ್ರೊಪೆಲರನ್ನು ಅದಕ್ಕೆ ಜೋಡಿಸುತ್ತಾರೆ. ಹಗುರವಾದ ತರಬೇತಿ ವಿಮಾನಕ್ಕೆ ಈ ಕ್ರಮ ಸಾಕಾಗುತ್ತದೆ. ಯುದ್ಧವಿಮಾನದ ಮಾದರಿಗೆ ಮಾತ್ರ ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂದು ನನ್ನ ಅಭಿಪ್ರಾಯ: ಮೊದಲು ವಿಮಾನದ ತೂಕ ಮತ್ತು ರೆಕ್ಕೆಯ ಅಳತೆಯಿಂದ ಪ್ರೊಪೆಲರನ್ನು ನಿರ್ಧರಿಸಬೇಕು, ಅನಂತರ ಆ ಪ್ರೊಪೆಲರನ್ನು ಬೇಕಾದ ವೇಗದಲ್ಲಿ ತಿರುಗಿಸಬಲ್ಲ ಎಂಜಿನ್ನನ್ನು ಹುಡುಕಬೇಕು. ಅಂದಹಾಗೆ, ಪೆಟ್ಟಿಗೆಯ ಮೇಲಿನ 60 ಎಂದರೆ 0.60 ಘನ ಇಂಚು, ಅಂದರೆ ಸುಮಾರು 10 ಸಿಸಿ. 90 ಎಂದರೆ ಸುಮಾರು 15 ಸಿಸಿ. 120 ಎಂದರೆ ಸುಮಾರು 20 ಸಿಸಿ.

ಎರಡನೆಯ ಮಹಾಯುದ್ಧದ ಬರ್ಮಾ ರಂಗದಲ್ಲಿ ನಮ್ಮ ವಾಯುಪಡೆ ಹರಿಕೇನ್ ಮತ್ತು ಸ್ಪಿಟ್‌ಫೈರ್‌ಗಳನ್ನು ಹಾರಿಸಿತ್ತು, 1947–48ರ ಕಾಶ್ಮೀರ ಯುದ್ಧದಲ್ಲಿ ಟೆಂಪೆಸ್ಟ್‌ಗಳನ್ನು ಬಳಸಿತ್ತು; ಹಾಗಾಗಿ ಇಲ್ಲಿನ ಹವ್ಯಾಸಿಗಳಿಗೆ ಈ ಮೂರರ ಮೇಲೆ ಮಮತೆ ಹೆಚ್ಚು. ಲೆಕ್ಕಕ್ಕೆ ಸ್ಪಿಟ್‌ಫೈರನ್ನೇ ತೆಗೆದುಕೊಳ್ಳೋಣ. 1.6 ಮೀಟರ್ ರೆಕ್ಕೆಯಗಲದ ಮಾದರಿಗೆ ರೆಕ್ಕೆಯ ವಿಸ್ತೀರ್ಣ ಸುಮಾರು 45 ಚದರ ಡೆಸಿಮೀಟರ್ ಬರುತ್ತದೆ. ಹಾರಲು ಸಿದ್ಧವಾದಾಗ ತೂಕ ನಾಲ್ಕೂವರೆ ಕಿಲೊ ಇದ್ದರೆ, ಪ್ರತಿ ಚದರ ಡೆಸಿಮೀಟರಿನ ಮೇಲೆ 100 ಗ್ರಾಂ ಭಾರ ಬಿದ್ದಂತಾಯಿತು. ಈ ಸಂಖ್ಯೆಯ ವರ್ಗಮೂಲವನ್ನು 4.4ರಿಂದ ಗುಣಿಸಿದರೆ, ಪುಣೆಯ ಗಾಳಿಯಲ್ಲಿ ಆ ವಿಮಾನ ಸ್ಟಾಲ್ ಆಗುವ ವೇಗ, ಅಂದರೆ ರೆಕ್ಕೆಗಳು ತೂಕವನ್ನು ಹೊರಲಾರದೆ ಕೈಬಿಡುವ ವೇಗ, ಗಂಟೆಗೆ ಕಿಲೊಮೀಟರಿನಲ್ಲಿ ಸ್ಥೂಲವಾಗಿ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 44. ಯುದ್ಧವಿಮಾನಗಳ ರೆಕ್ಕೆ ತುದಿಯತ್ತ ಕಿರಿದಾಗುವುದರಿಂದ ವೇಗ ಕುಗ್ಗಿದಾಗ ಒಂದು ಬದಿಯ ರೆಕ್ಕೆ ಥಟ್ಟನೆ ಕೆಳಗೆ ಬೀಳುತ್ತದೆ. ಆದ್ದರಿಂದ ಈ ವೇಗದ ಹತ್ತಿರಕ್ಕೂ ಸುಳಿಯದಷ್ಟು ವೇಗವನ್ನು ಪ್ರೊಪೆಲರ್ ಕೊಡಬೇಕು.

ಪ್ರೊಪೆಲರಿನ ಮೇಲೆ 16×8 ಎಂದು ಬರೆದಿದ್ದರೆ ಮೊದಲನೆಯದು ಇಂಚುಗಳಲ್ಲಿ ವ್ಯಾಸ, ಎರಡನೆಯದು ಪಿಚ್, ಅಂದರೆ ಜಾರದೆ ಒಂದು ಸುತ್ತು ತಿರುಗಿದರೆ ಅದು ಮುಂದೆ ಸಾಗುವ ದೂರ. ನಿಮಿಷದ ಸುತ್ತುಗಳನ್ನು ಪಿಚ್‌ನಿಂದ ಗುಣಿಸಿ, ಬಂದದ್ದನ್ನು 0.001524ರಿಂದ ಗುಣಿಸಿದರೆ ಪಿಚ್ ವೇಗ ಗಂಟೆಗೆ ಕಿಲೊಮೀಟರಿನಲ್ಲಿ ದೊರೆಯುತ್ತದೆ. ಈ ವೇಗ ಸ್ಟಾಲ್ ವೇಗದ ಎರಡೂವರೆಯಿಂದ ಮೂರು ಪಟ್ಟು ಇರಬೇಕೆಂಬುದು ಯುದ್ಧವಿಮಾನಗಳಿಗೆ ಒಪ್ಪುವ ಅಳತೆ. 8,500 ಸುತ್ತುಗಳಲ್ಲಿ 17×6 ಪ್ರೊಪೆಲರಿನ ಪಿಚ್ ವೇಗ 78 ಕಿ.ಮೀ., 16×8ರದು 104, 15×10ರದು 130. ನಮ್ಮ ಸ್ಪಿಟ್‌ಫೈರಿಗೆ ಬೇಕಾದದ್ದು 110ರಿಂದ 132. ಹಾರಾಟದಲ್ಲಿ ಪ್ರೊಪೆಲರಿನ ಭಾರ ಇಳಿದು ಸುತ್ತುಗಳು ನೆಲದ ಮೇಲಿನದಕ್ಕಿಂತ ಶೇಕಡಾ 5ರಿಂದ 10ರಷ್ಟು ಏರುವುದರಿಂದ 16×8 ಕೂಡ ಈ ಮಿತಿಯೊಳಗೆ ಬರುತ್ತದೆ. 17×6 ಮಾತ್ರ ಕಾತ್ರಜ್ ಘಾಟನ್ನು ಮೊದಲ ಗೇರಿನಲ್ಲಿ ಹತ್ತುವ ಸ್ಕೂಟರಿನಂತೆ: ಎಳೆತ ಧಾರಾಳ, ವೇಗವಿಲ್ಲ. ನೆಲದ ಮೇಲೆ ಬಾಲ ಹಿಡಿದು ನಿಂತವರಿಗೆ ಅದರ ಎಳೆತ ಬಹಳ ಹಿಡಿಸುತ್ತದೆ, ಮೇಲೇರಿದ ಮೇಲೆ ವಿಮಾನ ಗಾಳಿಯಲ್ಲಿ ತೇಕುತ್ತದೆ.

ಈ ಮೂರು ಪ್ರೊಪೆಲರುಗಳನ್ನು ಒಟ್ಟಿಗೆ ಹೆಸರಿಸಿದ್ದಕ್ಕೆ ಕಾರಣವಿದೆ. ಪ್ರೊಪೆಲರ್ ನುಂಗುವ ಶಕ್ತಿ ಸುತ್ತುಗಳ ಘನಕ್ಕೆ, ವ್ಯಾಸದ ನಾಲ್ಕನೆಯ ಘಾತಕ್ಕೆ ಮತ್ತು ಪಿಚ್‌ಗೆ ಅನುಪಾತದಲ್ಲಿರುತ್ತದೆ. ವ್ಯಾಸವನ್ನು ನಾಲ್ಕು ಬಾರಿ ಗುಣಿಸಿ, ಅದನ್ನು ಪಿಚ್‌ನಿಂದ ಗುಣಿಸಿ ನೋಡಿದರೆ 17×6ಕ್ಕೆ ಸುಮಾರು 5.01 ಲಕ್ಷ, 16×8ಕ್ಕೆ 5.24 ಲಕ್ಷ, 15×10ಕ್ಕೆ 5.06 ಲಕ್ಷ ಬರುತ್ತದೆ; ಎಂದರೆ ಎಂಜಿನ್ನಿಗೆ ಮೂರೂ ಹೆಚ್ಚುಕಡಿಮೆ ಒಂದೇ ಹೊರೆ, ಮತ್ತು 20 ಸಿಸಿ ಪೆಟ್ರೋಲ್ ಎಂಜಿನ್ ಮೂರನ್ನೂ 8,500ರ ಆಸುಪಾಸಿನಲ್ಲಿ ತಿರುಗಿಸುತ್ತದೆ. 18×6 ಹಾಕಿದರೆ ಲೆಕ್ಕ 6.3 ಲಕ್ಷಕ್ಕೆ ಜಿಗಿಯುತ್ತದೆ. ಎಂಜಿನ್ ಬಿಸಿಯಾಗಿ ಏದುಸಿರು ಬಿಡುತ್ತದೆ. ಕಾಗದದ ಮೇಲೆ ಈ ಗುಣಾಕಾರ ಮಾಡದೆ ಪ್ರೊಪೆಲರ್ ಕೊಳ್ಳಬಾರದು.

ಮೂರು ಅಥವಾ ನಾಲ್ಕು ಬ್ಲೇಡಿನ ಆಸೆ ಎಲ್ಲರಿಗೂ ಇರುತ್ತದೆ, ಏಕೆಂದರೆ ಹರಿಕೇನ್‌ಗೆ ಮೂರು, ಮಸ್ಟಾಂಗ್ ಡಿ ಮಾದರಿಗೆ ಮತ್ತು ಟೆಂಪೆಸ್ಟ್‌ಗೆ ನಾಲ್ಕು ಬ್ಲೇಡುಗಳಿದ್ದವು. ಮೂರನೆಯ ಬ್ಲೇಡು ಸೇರಿದಾಗ ಹೊರೆ ಒಂದೂವರೆ ಪಟ್ಟಿನ ಹತ್ತಿರ ಬರುತ್ತದೆಂದು ಹಿಡಿದರೆ, 16×8ರ ಬದಲಿಗೆ 15×7 ಅಥವಾ 14×9 ಅಳತೆಯ ಮೂರು ಬ್ಲೇಡು ಸರಿಹೋಗುತ್ತದೆ. ನೆಲದಿಂದ ಪ್ರೊಪೆಲರಿಗೆ ಇರುವ ಅಂತರ ಕಡಿಮೆಯಾದಾಗ ಇದರಿಂದ ನಿಜವಾದ ಪ್ರಯೋಜನವಿದೆ. ದೊಡ್ಡ ಪ್ರೊಪೆಲರಿಗೆ ಜಾಗ ಮಾಡಲೆಂದೇ ಕೋರ್ಸೇರ್ ವಿಮಾನದ ರೆಕ್ಕೆಯನ್ನು ಕೆಳಕ್ಕೆ ಬಾಗಿಸಿ ಕಟ್ಟಿದ್ದನ್ನು ನೆನೆದರೆ ಈ ಅಂತರದ ಮಹತ್ವ ತಿಳಿಯುತ್ತದೆ. ಬಾಲವನ್ನೆತ್ತಿ ವಿಮಾನವನ್ನು ಸಮತಟ್ಟಾಗಿ ಹಿಡಿದಾಗ ಡಾಂಬರಿನ ಮೇಲೆ ಮೂರು ಸೆಂಟಿಮೀಟರ್, ಹುಲ್ಲಿನ ಮೇಲೆ ಇನ್ನೂ ಹೆಚ್ಚು ಬಿಡುವು ಇರಲಿ. ಪ್ರದರ್ಶನಕ್ಕೆ ನಾಲ್ಕು ಬ್ಲೇಡು, ಹಾರಾಟಕ್ಕೆ ಎರಡು ಬ್ಲೇಡು ಎಂಬ ಹಳೆಯ ಪದ್ಧತಿಯೇ ನನಗೆ ಮೇಲೆನಿಸುತ್ತದೆ.

ಇನ್ನು ಪುಣೆಯ ಗಾಳಿ. ನಗರ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಏಪ್ರಿಲಿನ 38 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ, ಪ್ರಮಾಣಿತವೆಂದು ಹಿಡಿಯುವ ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ಶೇಕಡಾ 13ರಷ್ಟು ಕಡಿಮೆ. ಇದರಲ್ಲೊಂದು ಮೋಸವಿದೆ: ಎಂಜಿನ್ನಿನ ಶಕ್ತಿ ಇಳಿದಂತೆ ತೆಳುಗಾಳಿಯಲ್ಲಿ ಪ್ರೊಪೆಲರಿನ ಹೊರೆಯೂ ಇಳಿಯುವುದರಿಂದ ಟ್ಯಾಕೊಮೀಟರಿನಲ್ಲಿ ಸುತ್ತುಗಳು ಮುಂಬೈಯಲ್ಲಿದ್ದಷ್ಟೇ ಕಾಣಿಸುತ್ತವೆ, ಆದರೆ ಎಳೆತ ಮಾತ್ರ ಕುಗ್ಗಿರುತ್ತದೆ, ಸ್ಟಾಲ್ ವೇಗ ಏರಿರುತ್ತದೆ. ಸುತ್ತುಗಳು ಸರಿಯಿವೆಯೆಂದು ನಂಬಿ ಅರ್ಧ ರನ್‌ವೇಯಲ್ಲೇ ವಿಮಾನವನ್ನು ಎತ್ತಿದರೆ ಅದು ಪಕ್ಕಕ್ಕೆ ಮಗುಚುತ್ತದೆ. ಪೆಟ್ಟಿಗೆಯ ಮೇಲೆ 15ರಿಂದ 20 ಸಿಸಿ ಎಂದಿದ್ದರೆ ಪುಣೆಯಲ್ಲಿ 20ರ ಕಡೆಗೆ ವಾಲುವುದು ಲೇಸು. 920 ಮೀಟರ್ ಎತ್ತರದ ಬೆಂಗಳೂರಿಗೆ ವಿಮಾನವನ್ನು ಕೊಂಡೊಯ್ಯುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಬ್ಯಾಟರಿ ಮೋಟಾರಿನ ನಡತೆ ಬೇರೆ: ತೆಳುಗಾಳಿಯಲ್ಲಿ ಅದು ಕಡಿಮೆ ಕರೆಂಟ್ ಎಳೆಯುತ್ತದೆ, ಆದ್ದರಿಂದ ಆಂಪಿಯರ್ ಅಳೆದು ನೋಡಿ ಪ್ರೊಪೆಲರನ್ನು ಒಂದು ಹೆಜ್ಜೆ ದೊಡ್ಡದು ಮಾಡಿಕೊಳ್ಳಬಹುದು. ಪುಣೆಯಲ್ಲಿ ನೀಡಲ್ (ಇಂಧನದ ಹರಿವನ್ನು ಹೆಚ್ಚುಕಡಿಮೆ ಮಾಡುವ ಸೂಜಿ ತಿರುಪು) ಹೊಂದಿಸಿದ ಗ್ಲೋ ಎಂಜಿನ್ನನ್ನು, ಅಂದರೆ ಮೆಥನಾಲ್ ಇಂಧನದಲ್ಲಿ ಓಡುವ ಎಂಜಿನ್ನನ್ನು, ಹಾಗೆಯೇ ಮುಂಬೈಗೋ ಗೋವಾಕ್ಕೋ ಒಯ್ದು ಹಾರಿಸಬಾರದು. ಅಲ್ಲಿನ ದಟ್ಟ ಗಾಳಿಗೆ ಇಂಧನ ಸಾಲದೆ ಮಿಶ್ರಣ ತೆಳುವಾಗಿ ಎಂಜಿನ್ ಕಾದುಹೋಗುತ್ತದೆ. ಮೊದಲು ನೀಡಲನ್ನು ತುಸು ತೆರೆದು, ಅಲ್ಲಿಯೇ ಮತ್ತೆ ಹೊಂದಿಸಬೇಕು.

ಎಂಜಿನ್ನಿನ ಬಗೆಯನ್ನು ಆರಿಸುವಾಗ ಇಂಧನದ ವಿಚಾರವೇ ಮುಖ್ಯ. ಗ್ಲೋ ಇಂಧನದಲ್ಲಿ ಹೆಚ್ಚಿನ ಪಾಲು ಮೆಥನಾಲ್, ಉಳಿದದ್ದು ಹರಳೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ ಮತ್ತು ಸ್ವಲ್ಪ ನೈಟ್ರೋಮೀಥೇನ್. ಮೆಥನಾಲ್ ವಿಷ, ಅದನ್ನು ಮನೆಯಲ್ಲಿ ಇಡುವವರು ಮಕ್ಕಳ ಕೈಗೆ ಸಿಗದಂತೆ, ಹೆಸರು ಬರೆದ ಕ್ಯಾನಿನಲ್ಲಿಯೇ ಇಡಬೇಕು. ನೈಟ್ರೋಮೀಥೇನ್ ದುಬಾರಿಯಾದ್ದರಿಂದ 80 ಪಾಲು ಮೆಥನಾಲಿಗೆ 20 ಪಾಲು ಎಣ್ಣೆಯ ಮಿಶ್ರಣದಲ್ಲೂ ಎಂಜಿನ್ ಓಡುತ್ತದೆ, ಆದರೆ ಐಡಲ್ (ಕನಿಷ್ಠ ವೇಗದ ಓಟ) ಅಷ್ಟು ಸ್ಥಿರವಾಗಿರದು. ಟೂ ಸ್ಟ್ರೋಕ್ ಗ್ಲೋ ಎಂಜಿನ್ ಚಿಕ್ಕ ಪ್ರೊಪೆಲರನ್ನು ಬಹಳ ವೇಗವಾಗಿ ತಿರುಗಿಸುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ದೊಡ್ಡ ಪ್ರೊಪೆಲರನ್ನು ನಿಧಾನವಾಗಿ ತಿರುಗಿಸುತ್ತದೆ, ಸದ್ದೂ ಅಸಲಿ ವಿಮಾನದ್ದಕ್ಕೆ ಹತ್ತಿರ. 15 ಸಿಸಿಯವರೆಗಿನ ಮಾದರಿಗೆ ನನ್ನ ಆಯ್ಕೆ ಫೋರ್ ಸ್ಟ್ರೋಕ್, 20 ಸಿಸಿ ಮತ್ತು ಅದಕ್ಕೂ ಮೇಲೆ ಪೆಟ್ರೋಲ್. ಪೆಟ್ರೋಲ್ ಎಂಜಿನ್ನಿನ ಕಾರ್ಬ್ಯುರೇಟರಿನಲ್ಲಿಯೇ ಪಂಪ್ ಇರುವುದರಿಂದ ಇಂಧನದ ಟ್ಯಾಂಕನ್ನು ಎಲ್ಲಿ ಕೂರಿಸಿದರೂ ನಡೆಯುತ್ತದೆ. ಗ್ಲೋ ಎಂಜಿನ್ನಿನಲ್ಲಿ ಟ್ಯಾಂಕ್ ನೀಡಲಿನ ಮಟ್ಟಕ್ಕೆ ಹತ್ತಿರವಿರಲೇಬೇಕು. ಆದರೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರಿಕೊಳ್ಳುತ್ತದೆ, ಕಾರ್ಬ್ಯುರೇಟರಿನ ರಬ್ಬರ್ ಪೊರೆಗಳನ್ನು ಗಟ್ಟಿಯಾಗಿಸುತ್ತದೆ. ಹಾರಾಟ ಮುಗಿದೊಡನೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಎಣ್ಣೆಯ ಪ್ರಮಾಣ 30ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 33 ಮಿಲಿಲೀಟರ್.

ಬ್ಯಾಟರಿಯನ್ನು ಬಯಸುವವರು ಪ್ರತಿ ಕಿಲೊಗೆ 250ರಿಂದ 330 ವ್ಯಾಟ್ ಎಂದು ಲೆಕ್ಕ ಹಾಕಬಹುದು. ನಾಲ್ಕು ಕಿಲೊ ಮಾದರಿಗೆ ಆರು ಸೆಲ್ಲಿನ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 500ರ ಸುಮಾರಿನ ಕೆವಿಯ (ಪ್ರತಿ ವೋಲ್ಟಿಗೆ ನಿಮಿಷದಲ್ಲಿ ತಿರುಗುವ ಸುತ್ತುಗಳು) ಮೋಟಾರ್ ಮತ್ತು 15×8 ಪ್ರೊಪೆಲರ್ ಇದ್ದರೆ 60 ಆಂಪಿಯರ್ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಸ್ಪೀಡ್ ಕಂಟ್ರೋಲರ್ ಮಾತ್ರ 80 ಆಂಪಿಯರಿನದಿರಲಿ.

ವಿಮಾನದ ಮೂತಿಯ ಆಕಾರವೂ ಎಂಜಿನ್ನನ್ನು ನಿರ್ಧರಿಸುತ್ತದೆ. ಥಂಡರ್‌ಬೋಲ್ಟ್, ಟೆಂಪೆಸ್ಟ್ ಎರಡನೆಯ ಮಾದರಿ, ಜೀರೊ ಮುಂತಾದವುಗಳ ದುಂಡು ಕೌಲಿನೊಳಗೆ, ಅಂದರೆ ಎಂಜಿನ್ನನ್ನು ಮುಚ್ಚುವ ಹೊದಿಕೆಯೊಳಗೆ, ಯಾವ ಎಂಜಿನ್ನೂ ಅಡಗುತ್ತದೆ. ಇವುಗಳಲ್ಲಿ ಮೂತಿ ಮೊಂಡಾದವು ಹಿಂಭಾರವಾಗುತ್ತವೆ. ಸೀಸದ ತುಂಡು ಅಂಟಿಸುವುದಕ್ಕಿಂತ ಅಷ್ಟೇ ತೂಕದ ದೊಡ್ಡ ಎಂಜಿನ್ ಹಾಕುವುದು ಬುದ್ಧಿವಂತಿಕೆ. ಸ್ಪಿಟ್‌ಫೈರ್, ಮಸ್ಟಾಂಗ್‌ಗಳ ಕಿರಿದಾದ ಕೌಲಿನಲ್ಲಿ ಸಿಲಿಂಡರನ್ನು ತಲೆಕೆಳಗಾಗಿ ಕೂರಿಸಬೇಕಾಗುತ್ತದೆ, ಮಫ್ಲರಿಗೆ ಜಾಗ ಕೊರೆಯಬೇಕಾಗುತ್ತದೆ. ಗಾಳಿ ಒಳಬರುವ ಕಿಂಡಿಗಿಂತ ಹೊರಹೋಗುವ ಕಿಂಡಿ ಎರಡು ಮೂರು ಪಟ್ಟು ದೊಡ್ಡದಿರಬೇಕು, ಮತ್ತು ಒಳಬಂದ ಗಾಳಿ ಸಿಲಿಂಡರಿನ ಶಾಖ ಹೊರಹಾಕುವ ರೆಕ್ಕೆಗಳ (ಫಿನ್) ನಡುವೆಯೇ ಹಾಯುವಂತೆ ತೆಳು ಹಲಗೆಯ ತಡೆ ಕಟ್ಟಬೇಕು. ಈ ತಡೆಯಿಲ್ಲದೆ ಪುಣೆಯ ಬೇಸಿಗೆಯಲ್ಲಿ ಕೌಲ್ ಮುಚ್ಚಿ ಹಾರಿಸುವುದನ್ನು ನಾನು ಯಾರಿಗೂ ಹೇಳಲಾರೆ. ಫೈರ್‌ವಾಲಿನ, ಅಂದರೆ ಎಂಜಿನ್ ಕೂರುವ ಮೂತಿಯ ಹಲಗೆಯ, ಮೇಲೆ ಎಂಜಿನ್ನನ್ನು ಎರಡು ಮೂರು ಡಿಗ್ರಿ ಬಲಕ್ಕೆ ತಿರುಗಿಸಿ ಕೂರಿಸಿದರೆ, ದೊಡ್ಡ ಪ್ರೊಪೆಲರ್ ಟೇಕಾಫ್‌ನಲ್ಲಿ ವಿಮಾನವನ್ನು ಎಡಕ್ಕೆ ಎಳೆಯುವುದು ಹತೋಟಿಗೆ ಬರುತ್ತದೆ.

ಪ್ರೊಪೆಲರ್ ಕೈಗೆ ಬಂದ ಮೇಲೆ ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಒಂದು ರೀಮರ್ ಕೊಂಡು ತೂತನ್ನು ನೇರವಾಗಿ ದೊಡ್ಡದು ಮಾಡಿ, ಬ್ಯಾಲೆನ್ಸರಿನ ಮೇಲೆ ತೂಗಿ ನೋಡಬೇಕು. ಮರದ ಪ್ರೊಪೆಲರ್ ಮಳೆಗಾಲದ ತೇವ ಕುಡಿದು ಸಮತೋಲ ತಪ್ಪುತ್ತದೆ. ಜೂನ್‌ಗೆ ಮುಂಚೆ ಸರಿಯಿದ್ದದ್ದನ್ನು ಅಕ್ಟೋಬರಿನಲ್ಲಿ ಮತ್ತೆ ತೂಗದೆ ಹಾಕಬೇಡಿ. ಅಂಚಿನಲ್ಲಿ ಚಿಕ್ಕ ಸೀಳು ಕಂಡರೂ ಎಸೆಯಬೇಕು, ಅಂಟು ಹಾಕುವ ಮಾತಿಲ್ಲ. ಟ್ಯಾಕೊಮೀಟರನ್ನು ಪರೀಕ್ಷಿಸಲು ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನತ್ತ ಹಿಡಿಯಿರಿ: ನಮ್ಮ 50 ಹರ್ಟ್ಜ್ ವಿದ್ಯುತ್ತಿಗೆ ಎರಡು ಬ್ಲೇಡಿನ ಸೆಟ್ಟಿಂಗಿನಲ್ಲಿ ಅದು 3,000 ತೋರಿಸಬೇಕು.

2021ರ ಡ್ರೋನ್ ನಿಯಮಗಳಲ್ಲಿ 25 ಕಿಲೊವರೆಗಿನ, ಕಣ್ಣಳತೆಯಲ್ಲಿ ಹಾರಿಸುವ ಹವ್ಯಾಸಿ ಮಾದರಿಗಳ ಪ್ರಸ್ತಾಪವಿದೆ. ಲೋಹಗಾಂವ್ ವಾಯುನೆಲೆಯಿರುವ ಊರಾದ್ದರಿಂದ ಮೈದಾನ ಗೊತ್ತುಮಾಡುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ವಾಯುಪ್ರದೇಶ ನಕ್ಷೆಯಲ್ಲಿ ಆ ಜಾಗ ಹಸಿರು, ಹಳದಿ, ಕೆಂಪು ಇವುಗಳಲ್ಲಿ ಯಾವ ಬಣ್ಣದ ವಲಯದಲ್ಲಿದೆ ಎಂದು ನೋಡಿಕೊಳ್ಳಬೇಕು.

ಹೊಸ ಎಂಜಿನ್ನನ್ನು ಪಳಗಿಸುವಾಗ ಪಿಚ್ ಒಂದೆರಡು ಇಂಚು ಕಡಿಮೆಯಿರುವ ಪ್ರೊಪೆಲರನ್ನು ಹಾಕಿ, ಮಿಶ್ರಣವನ್ನು ಗಟ್ಟಿಯಾಗಿಟ್ಟು, ಅಂದರೆ ಇಂಧನದ ಪಾಲು ತುಸು ಹೆಚ್ಚಿಸಿ, ಓಡಿಸಿ. ತಿರುಗುವ ಪ್ರೊಪೆಲರಿನ ಪಕ್ಕಕ್ಕೆ ಅದರ ನೇರದಲ್ಲಿ ಯಾರೂ ನಿಲ್ಲಬಾರದು, ನೀಡಲನ್ನು ಹಿಂದಿನಿಂದಲೇ ತಿರುಗಿಸಬೇಕು. ಪಳಗಿದ ಮೇಲೆ ಆರಿಸಿದ ಪ್ರೊಪೆಲರನ್ನು ಹಾಕಿ ಸುತ್ತುಗಳನ್ನು ಅಳೆಯಿರಿ. ಲೆಕ್ಕ ಹಾಕಿದ್ದಕ್ಕಿಂತ 500ಕ್ಕೂ ಹೆಚ್ಚು ಕಡಿಮೆ ಬಂದರೆ ವ್ಯಾಸದಲ್ಲಿ ಒಂದು ಇಂಚು ಇಳಿಸಿ, ಪಿಚ್‌ಗೆ ಕೈ ಹಾಕಬೇಡಿ.